ಅಡಕೊತ್ತಿಗೆ ಸಿಕ್ಕ ಗುಳಿಗೆ

ನನ್ನ ಮೇಜಿನ ಮೇಲೆ, ಪುಟಗಳ ಕರಡು ಪ್ರತಿಗಳು ಫ್ಯಾನಿನ ಗಾಳಿಗೆ ಹಾರದಿರಲೆಂದು, ಒಂದು ಹಿತ್ತಾಳೆಯ ಅಡಕೊತ್ತು ಇಟ್ಟುಕೊಂಡಿದ್ದೇನೆ. ಹಿಡಿಗಳ ತುದಿಯಲ್ಲಿ ಒಂದು ಕಾಲಕ್ಕೆ ಎರಡು ಗಿಳಿಗಳಿದ್ದವು. ಈಗ ಒಂದಕ್ಕೆ ಕೊಕ್ಕಿಲ್ಲ, ಇನ್ನೊಂದಕ್ಕೆ ತಲೆಯೇ ಇಲ್ಲ. ಅಲಗು ಮಾತ್ರ ಇವತ್ತಿಗೂ ಹರಿತ. ವಿಜಯಪುರದ ನಮ್ಮ ಪತ್ರಿಕೆಯ ಕಚೇರಿಗೆ ಹೊಸದಾಗಿ ಬಂದವರು, "ಸರ್, ಇದು ಅಡಕಿ ಕತ್ತರಸಾಕೋ, ನಮ್ಮ ಸುದ್ದಿ ಕತ್ತರಸಾಕೋ?" ಎಂದು ಕೇಳುವುದುಂಟು. ಎರಡಕ್ಕೂ ಅಲ್ಲ ಎನ್ನುತ್ತೇನೆ. ಎಲೆ ಅಡಿಕೆಯ ಚಟ ನನಗಿಲ್ಲ. ಸುದ್ದಿ ಕತ್ತರಿಸಲು ಕಂಪ್ಯೂಟರಿನ ಒಂದು ಗುಂಡಿ ಸಾಕು.

ಅಡಕೊತ್ತಿನ ಅಲಗಿನ ಬುಡದಲ್ಲಿ, ಉಗುರು ಹೋಗದ ಸಂದಿಯಲ್ಲಿ, ಒಂದಿಷ್ಟು ಹಳದಿ ಪುಡಿ ಅಂಟಿಕೊಂಡಿದೆ. ನೋಡಿದವರು ಅರಿಶಿನ ಅಂದುಕೊಳ್ಳುತ್ತಾರೆ. ಅದು ಗುಳಿಗೆಯ ಮೇಲಿನ ಬಣ್ಣ. ನಾನು ಅದನ್ನು ಒರೆಸಿಲ್ಲ.

ಅಡಕೊತ್ತು ನಮ್ಮ ದೊಡ್ಡವ್ವ ಗೌರವ್ವನದು. ನನ್ನ ತಂದೆಯ ಅಣ್ಣನ ಹೆಂಡತಿ. ತಂದೆಗೆ ಊರಿಂದ ಊರಿಗೆ ವರ್ಗವಾಗುವ ನೌಕರಿ ಇದ್ದುದರಿಂದ, ಸಾಲಿ ತಪ್ಪಬಾರದೆಂದು ನನ್ನನ್ನು ತಿಕೋಟಾದಲ್ಲಿ ಅವಳ ಹತ್ತಿರ ಬಿಟ್ಟಿದ್ದರು. ಅವಳ ಹತ್ತಿರ ಎಂದರೆ ಅವಳೊಬ್ಬಳ ಹತ್ತಿರ ಎಂದಲ್ಲ. ದೊಡ್ಡವ್ವ ಇದ್ದಲ್ಲಿ ಚಿಗವ್ವನೂ ಇರುತ್ತಿದ್ದಳು. ಚಿಗವ್ವ ಎಂದರೆ ಶಾಂತವ್ವ, ತಂದೆಯ ತಮ್ಮನ ಹೆಂಡತಿ. ಇಬ್ಬರ ಮದುವೆಯೂ ಒಂದೇ ಹಂದರದಲ್ಲಿ ಆಯಿತು. ಆ ದಿನ ಮನೆ ತುಂಬ ಬೀಗರು. ಊಟಕ್ಕೆ ತಾಟು ಸಾಲದೆ, ಅತ್ತೆ ಇಬ್ಬರು ಹೊಸ ಸೊಸೆಯರನ್ನು ಒಂದೇ ತಾಟಿಗೆ ಕೂರಿಸಿದಳಂತೆ. ಮರುದಿನ ಬೀಗರು ಹೋದರು, ತಾಟುಗಳು ಗೋಡೆಯ ಗೂಡಿಗೆ ಮರಳಿದವು. ಇವರಿಬ್ಬರು ಮಾತ್ರ ಆ ತಾಟು ಬಿಟ್ಟು ಏಳಲಿಲ್ಲ. ಗಂಡಂದಿರು ಹೋದರು, ಮಕ್ಕಳು ದೊಡ್ಡವರಾದರು, ದೊಡ್ಡವ್ವನ ಮಗ ಘೋಣಸಗಿ ರಸ್ತೆಯ ಹೊಲದಲ್ಲಿ ದ್ರಾಕ್ಷಿ ಹಚ್ಚಿ ಒಣದ್ರಾಕ್ಷಿಯ ಶೆಡ್ಡು ಹಾಕಿದ. ಮನೆಯಲ್ಲಿ ಈಗ ಬೇಕಾದಷ್ಟು ತಾಟುಗಳಿವೆ. ಇವರದು ಒಂದೇ.

ಚಿಕ್ಕಂದಿನಲ್ಲಿ ನಾನೂ ಆ ತಾಟಿನ ಅಂಚಿಗೆ ಕೂತು ಉಂಡವನು. ಆ ತಾಟಿನೊಳಗೆ ಕಣ್ಣಿಗೆ ಕಾಣದ ಬಾಂದುಗಲ್ಲುಗಳಿದ್ದವು. ರೊಟ್ಟಿಯ ಆಚೆ ಅರ್ಧ ದೊಡ್ಡವ್ವನದು, ಈಚೆ ಅರ್ಧ ಚಿಗವ್ವನದು, ನಡುವೆ ಶೇಂಗಾ ಹಿಂಡಿ. ಅದಕ್ಕೆ ಮೊಸರು ಬಿದ್ದ ಕೂಡಲೇ ಗಡಿ ಅಳಿಸಿ ಎಲ್ಲರ ಬೆರಳೂ ಅಲ್ಲೇ. ಪಲ್ಯದಲ್ಲಿ ಎಣ್ಣೆ ತೇಲುವ ಭಾಗ ಯಾರಿಗೂ ಹೇಳದೆ ನನ್ನ ಕಡೆ ಹರಿದು ಬರುತ್ತಿತ್ತು. ಭೂಮಿ ಇಳಿಜಾರಾಗಿತ್ತೋ, ತಾಟನ್ನು ಯಾರಾದರೂ ಮೊಣಕಾಲಿನಿಂದ ವಾಲಿಸುತ್ತಿದ್ದರೋ, ನಾನು ಆಗ ವಿಚಾರಿಸಲಿಲ್ಲ.

ದೊಡ್ಡವ್ವನಿಗೆ ಒಂದು ಕಟ್ಟಳೆ ಇತ್ತು. ಎದುರಿಗೆ ಇನ್ನೊಬ್ಬರು ಕೂತಿರುವಾಗ ಒಬ್ಬಳೇ ಏನನ್ನೂ ಬಾಯಿಗೆ ಹಾಕಿಕೊಳ್ಳಬಾರದು. ಅದಕ್ಕೇ ಅವಳ ಸೊಂಟದ ಸಂಚಿಯಲ್ಲಿ ಅಡಕೊತ್ತು. ಅಡಿಕೆ ಅದರ ಅರ್ಧ ಕೆಲಸ ಮಾತ್ರ. ಒಂದು ಪೆಪ್ಪರಮಿಂಟು ಸಿಕ್ಕರೆ ಅದು ಮೂರು ಚೂರಾಗುತ್ತಿತ್ತು. ಬೆಲ್ಲದ ಹೆಂಟೆ, ಕೊಬ್ಬರಿ, ಕಾಯಿ ಪೇರಲ, ಒಮ್ಮೆ ನನ್ನ ಪರೀಕ್ಷೆಯ ಹೊತ್ತಿಗೆ ಒಂದು ರಬ್ಬರು ಸಹ. ರಬ್ಬರಿನ ಇನ್ನರ್ಧ ಪಕ್ಕದ ಮನೆಯ ಹುಡುಗಿಗೆ ಹೋಯಿತು. ಆಕೆ ನನಗಿಂತ ಹೆಚ್ಚು ಅಂಕ ತೆಗೆದಳು. ಅಡಕೊತ್ತಿಗೆ ಬಗ್ಗದ ವಸ್ತು ಒಂದೇ: ಒಣದ್ರಾಕ್ಷಿ. ಅಲಗಿಗೆ ಅಂಟಿಕೊಂಡು ಜಜ್ಜಿ ಹೋಗುತ್ತಿತ್ತು. ಹಾಗಾಗಿ ಒಣದ್ರಾಕ್ಷಿ ಮಾತ್ರ ಆ ಮನೆಯಲ್ಲಿ ತಲೆಗೊಂದರಂತೆ ಇಡಿಯಾಗಿ ಸಿಗುತ್ತಿತ್ತು.

ಹೊಟ್ಟೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಎದೆ ಉರಿಯನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ಹವೆಯಂತೆ ಅದೂ ಒಂದು. ಗೋಳಗುಮ್ಮಟದ ಹತ್ತಿರ ಸಂಜೆ ಮಿರ್ಚಿ ಭಜಿ ತಿಂದು, ಮೇಲೆ ಸೋಡಾ ಕುಡಿದು, ಮೇಜಿನ ಖಾನೆಯಿಂದ ಆಮ್ಲ ತಗ್ಗಿಸುವ ಒಂದು ಗುಳಿಗೆ ನುಂಗಿ ಪುಟ ಕಟ್ಟಲು ಕೂರುವುದು ನನ್ನ ಎಷ್ಟೋ ವರ್ಷಗಳ ದಿನಚರಿ. ದೊಡ್ಡವ್ವನ ಉರಿಗೆ ಮಜ್ಜಿಗೆ, ಚಿಗವ್ವನ ಉರಿಗೆ ಜೀರಿಗೆ. ಮೂವರೂ ನಮ್ಮ ನಮ್ಮ ಬೆಂಕಿಯನ್ನು ಅಚ್ಚುಕಟ್ಟಾಗಿ ಮುಚ್ಚಿಟ್ಟುಕೊಂಡಿದ್ದೆವು.

ಹೋದ ವರ್ಷ ಒಣದ್ರಾಕ್ಷಿಯ ಹಂಗಾಮಿನಲ್ಲಿ, ಶೆಡ್ಡಿನಲ್ಲಿ ಕಡ್ಡಿ ಆರಿಸುತ್ತ ಕೂತಿದ್ದ ದೊಡ್ಡವ್ವ ಎದ್ದು ನಿಂತವಳು ಹಾಗೇ ಕುಸಿದಳು. ಕೈಕಾಲು ತಣ್ಣಗಾಗಿದ್ದವು. ಮಗ ಗಾಡಿಯಲ್ಲಿ ಹಾಕಿಕೊಂಡು ವಿಜಯಪುರಕ್ಕೆ ತಂದ. ನಾನು ಆಸ್ಪತ್ರೆಗೆ ಹೋದಾಗ ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. "ಹೊರಕಡಿಗಿ ಡಾಂಬರಿನಂಗ ಕರ್ರಗ ಹೋಗಾಕತ್ತಿತ್ತು, ಬಸೂ. ಯಾರಿಗೂ ಹೇಳಬ್ಯಾಡ ಅಂತ ನನ್ನ ಕೈ ಹಿಡದು ಆಣಿ ಮಾಡಿಸಿಕೊಂಡಿದ್ಲು," ಎಂದಳು. ಹೊಟ್ಟೆಯೊಳಗೆ ರಕ್ತ ಒಡೆದರೆ ಮಲ ಹಾಗೆ ಕಪ್ಪಾಗುತ್ತದೆ ಎಂದು ನನಗೆ ಗೊತ್ತಾದದ್ದು ಆ ದಿನ.

ರಕ್ತ ಕೊಟ್ಟರು. ಗಂಟಲಲ್ಲಿ ನಳಿಕೆ ಇಳಿಸಿ ನೋಡಿದರು. ಹೊಟ್ಟೆಯಲ್ಲಿ ಹುಣ್ಣು, ಹುಣ್ಣಿನ ಹಿಂದೆ ಒಂದು ಸೂಕ್ಷ್ಮಾಣು, ಜಠರದ ಆಮ್ಲದಲ್ಲೇ ಮನೆ ಮಾಡಿಕೊಂಡು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದ್ದು. ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೊಡ್ಡವ್ವ ಮೊದಲ ದಿನದಿಂದಲೇ ಅವರನ್ನು "ಬಾಯಾರ" ಎಂದು ಗೌರವದಿಂದ ಕರೆದಳು. ಅವರು ಮೂರು ಔಷಧ ಬರೆದುಕೊಟ್ಟರು. ಒಂದು ಆಮ್ಲ ತಗ್ಗಿಸುವ ಹಳದಿ ಗುಳಿಗೆ, ಊಟಕ್ಕೆ ಮೊದಲು. ಉಳಿದೆರಡು ಸೂಕ್ಷ್ಮಾಣು ಕೊಲ್ಲುವಂಥವು, ಊಟದ ನಂತರ. ಮುಂಜಾನೆ, ಸಂಜೆ, ಎರಡು ವಾರ.

"ಮೂರೂ ಒಂದಕ್ಕೊಂದು ಆಧಾರ ಅಜ್ಜಿ," ಎಂದು ಬಾಯಾರ ಹೇಳಿದರು. "ಹೊಟ್ಟ್ಯಾಗ ಆಮ್ಲ ಜೋರಿದ್ರ ಈ ಎರಡು ಔಷಧ ನಿಲ್ಲಂಗಿಲ್ಲ. ಮೊದಲನೇದು ಆಮ್ಲ ತಗ್ಗಸ್ತೈತಿ, ಆಮ್ಯಾಲ ಇವು ತಮ್ಮ ಕೆಲಸ ಮಾಡ್ತಾವು. ಒಂದೂ ಬಿಡಬ್ಯಾಡ್ರಿ."

"ಬಿಡಂಗಿಲ್ರಿ," ಎಂದಳು ದೊಡ್ಡವ್ವ.

ಅವಳು ಬಿಡಲಿಲ್ಲ. ನಾನು ದಿನಾ ಫೋನು ಮಾಡಿ ಕೇಳುತ್ತಿದ್ದೆ. "ಗುಳಿಗಿ ತಗೊಂಡೀಯೇನು?" "ತಗೊಂಡೇನಿ." "ಮೂರೂ?" "ಮೂರೂ ತಗೊಂಡೇನೋ ಮಾರಾಯಾ, ಏನ್ ಪೊಲೀಸರಂಗ ಕೇಳ್ತೀ." ಸುದ್ದಿಮನೆಯಲ್ಲಿ ಇದಕ್ಕೆ 'ಸಂಬಂಧಪಟ್ಟವರೇ ಖಚಿತಪಡಿಸಿದ್ದಾರೆ' ಎನ್ನುತ್ತೇವೆ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆ ನಡುವೆ ಚಿಗವ್ವ ಬಬಲೇಶ್ವರಕ್ಕೆ ಹೋದಳು. ಅವಳ ತವರು ಅದು. ಅಣ್ಣನ ಮೊಮ್ಮಗಳ ಕುಬಸ, ಅಂದರೆ ಸೀಮಂತ. ನನಗೂ ಅದೇ ದಿನ ಬಬಲೇಶ್ವರದಲ್ಲಿ ಕಚೇರಿಯ ಕೆಲಸವಿತ್ತು. ದೊಡ್ಡವ್ವನನ್ನು ನೋಡಿಕೊಂಡು ಹೋಗೋಣವೆಂದು ತಿಕೋಟಾ ಹಾಯ್ದು ಹೊರಟೆ. ಅವಳ ಮುಖದಲ್ಲಿ ಸ್ವಲ್ಪ ಬಣ್ಣ ಬಂದಿತ್ತು. ಉರಿ ಕಡಿಮೆ ಅಂದಳು. ಹೊರಡುವಾಗ ಒಂದು ಸ್ಟೀಲಿನ ಡಬ್ಬಿ ಕೈಗಿಟ್ಟಳು.

"ನಿಮ್ಮ ಚಿಗವ್ವಗ ಕೊಡು. ಹೊತ್ತ ಮುಳುಗೋದರೊಳಗ ಮುಟ್ಟಬೇಕು."

"ಕುಬಸದ ಮನ್ಯಾಗ ಊಟಕ್ಕೇನ್ ಕಡಿಮಿ ಬೇ? ಹೋಳಗಿ ಮಾಡಿರತಾರ."

"ಕೊಡು ಅಂದ್ರ ಕೊಡು. ಓದಿದಾವ್ರಿಗಿ ಎಲ್ಲಾ ಬಿಡಿಸೇ ಹೇಳಬೇಕು."

ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಬಬಲೇಶ್ವರದ ಆ ಮನೆಯಲ್ಲಿ ಹಸಿರು ಬಳೆಗಳ ಸದ್ದು, ಹೆಣ್ಣುಮಕ್ಕಳ ನಗು. ಚಿಗವ್ವ ಹಿತ್ತಲ ಕಡೆಯ ಪಡಸಾಲೆಗೆ ನನ್ನನ್ನು ಕರೆದುಕೊಂಡು ಹೋಗಿ ಡಬ್ಬಿ ತೆಗೆದಳು. ಮೇಲೆ ಎರಡು ರೊಟ್ಟಿ, ಒಂದಿಷ್ಟು ಹಿಂಡಿ. ಅದರ ಕೆಳಗೆ ಲವಂಗ ಚುಚ್ಚಿ ಮಡಚಿದ ವೀಳ್ಯದೆಲೆ. ಎಲೆ ಅಡಿಕೆ ಕಳಿಸಿದ್ದಾಳೆ ಅಂದುಕೊಂಡೆ. ಚಿಗವ್ವ ಲವಂಗ ಕಿತ್ತು ಎಲೆ ಬಿಚ್ಚಿದಳು. ಒಳಗೆ ಒಡೆದ ಹಳದಿ ಗುಳಿಗೆಯ ಒಂದು ಹೋಳು, ಬಿಳಿ ಗುಳಿಗೆಯ ಒಂದು ಹೋಳು, ಒಂದು ಚಿಟಿಕೆ ಬಿಳಿ ಪುಡಿ.

"ಇದೇನ್ ಬೇ ಚಿಗವ್ವ?"

"ಗುಳಿಗಿ."

"ಯಾರದು?"

"ನಮ್ದು."

ಅವಳು ಅದನ್ನು ಹೇಳಿದ ರೀತಿಯಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ನಾನು ಕೂತುಕೊಂಡೆ. ಚಿಗವ್ವ ನಿಧಾನವಾಗಿ ಹೇಳಿದಳು.

"ಆಸ್ಪತ್ರಿಯಿಂದ ಬಂದ ದಿನ ಯಕ್ಕ ಗುಳಿಗಿ ಕೈಯಾಗ ಹಿಡಕೊಂಡು ಕುಂತ್ಲು. ನುಂಗವಲ್ಲಳು, ಇಡವಲ್ಲಳು. 'ಶಾಂತೀ, ನಂಗೂ ಉರಿತೈತಿ, ನಿಂಗೂ ಉರಿತೈತಿ. ನೀ ನೋಡಕೋಂತ ಕುಂತಿರ್ತಿ, ನಾ ಒಬ್ಬಾಕೇ ಹೆಂಗ ನುಂಗಲಿ? ಗಂಟಲಾಗ ಇಳಿಯಂಗಿಲ್ಲ' ಅಂದ್ಲು. ಬ್ಯಾಡ ಯಕ್ಕಾ, ನಿಂಗ ಬರದು ಕೊಟ್ಟದ್ದು, ನೀ ತಗೋ ಅಂದೆ. ಕೇಳ್ಬೇಕಲ್ಲ. ಸಂಚಿ ಬಿಚ್ಚಿ ಅಡಕೊತ್ತು ತಗದ್ಲು. ಡಬ್ಬಿಯಂಥಾ ಗುಳಿಗಿ ಅದಾವಲ್ಲ, ಒಳಗ ಪುಡಿ ಇರೂವು, ಅವನ್ನ ಬಿಚ್ಚಿ ಎಲಿ ಮ್ಯಾಲ ಸುರುವಿ ಕಡ್ಡೀಲೆ ಎರಡು ಪಾಲ ಮಾಡ್ತಾಳ."

"ಸರಿ ಅರ್ಧ ಆಗ್ತೈತೇನು?" ನನ್ನ ವೃತ್ತಿಯ ಕಾಯಿಲೆ; ಎಂಥ ಹೊತ್ತಿನಲ್ಲೂ ಒಂದು ವಿವರ ಕೇಳಿಬಿಡುತ್ತೇನೆ.

"ಇಲ್ಲ," ಎಂದಳು ಚಿಗವ್ವ. "ದೊಡ್ಡ ಹೋಳು ಯಾವಾಗ್ಲೂ ನಂಗ ಹಾಕ್ತಾಳ. ನಂಗ ಕಾಣಂಗಿಲ್ಲ ಅಂತ ತಿಳದಾಳ."

ರಕ್ತ ಒಡೆದು ಸಾವಿನ ಹೊಸ್ತಿಲಿಗೆ ಹೋಗಿ ಬಂದವಳು ದೊಡ್ಡವ್ವ. ಅವಳು ಸಣ್ಣ ಹೋಳು ನುಂಗುತ್ತಿದ್ದಳು. ಅಂದು ಆ ಎಲೆಯನ್ನು ಹೊತ್ತು ತಂದವನು ನಾನು. ಒಳಗೆ ಯಾರೋ ಸೋಬಾನೆ ಶುರು ಮಾಡಿದರು. ಚಿಗವ್ವ ಎಲೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ನಂಗ ಬ್ಯಾಡಾಗಿತ್ತು ಬಸೂ. ಆದ್ರ ನಾ ಒಲ್ಲೆ ಅಂದ್ರ ಆಕಿ ತನ್ನದೂ ನುಂಗತಿರಲಿಲ್ಲ."

ಮರುದಿನವೇ ಇಬ್ಬರನ್ನೂ ವಿಜಯಪುರಕ್ಕೆ ಕರೆತಂದೆ. ಬಾಯಾರ ಆ ಎಲೆಯನ್ನು ಬಿಚ್ಚಿ ನೋಡಿದರು. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ.

"ಅಜ್ಜಿ, ಈ ಹಳದಿ ಹೊದಿಕಿ ಚಂದ ಕಾಣ್ಲಿ ಅಂತ ಹಾಕಿಲ್ರಿ. ಗುಳಿಗಿ ಹೊಟ್ಟಿ ದಾಟಿ ಕರಳಿಗಿ ಮುಟ್ಟೂ ಮಟ ಅದನ್ನ ಕಾಯಾಕ ಐತಿ. ಒಡದ್ರ, ಯಾವ ಆಮ್ಲ ತಗ್ಗಸಬೇಕಂತ ಕಳಸೀವಿ, ಅದ ಆಮ್ಲ ಇದನ್ನ ತಿಂದು ಹಾಕ್ತೈತಿ. ಇನ್ನ ಅರ್ಧ ಅರ್ಧ ಕೊಟ್ಟ ಔಷಧಕ್ಕ ಆ ಸೂಕ್ಷ್ಮಾಣು ಸಾಯಂಗಿಲ್ಲ. ಔಷಧ ತಡಕೊಳ್ಳೂದು ಕಲೀತೈತಿ. ಮುಂದಿನ ಸಲ ಇದ ಔಷಧಕ್ಕ ಅಂಜಂಗಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸದೆಯೇ ಹೇಳಿದರು: "ಈ ವಯಸ್ಸಿನ್ಯಾಗ ಇನ್ನೊಮ್ಮೆ ರಕ್ತ ಒಡದ್ರ ನಾ ಯಾವ ಮಾತೂ ಕೊಡಾಕ ಆಗಂಗಿಲ್ಲ."

ದೊಡ್ಡವ್ವ ಸೆರಗು ಸರಿ ಮಾಡಿಕೊಂಡಳು. "ಆಕಿ ಎದುರಿಗೇ ಕುಂತಿರತಾಳ್ರಿ ಬಾಯಾರ."

"ಹಂಗಾದ್ರ ಒಳಗ ಹೋಗಿ ನುಂಗ್ರಿ."

"ಕದ್ದು ನುಂಗಬೇಕೇನ್ರಿ? ಔಷಧಾನ?"

ಅವಳ ಕಟ್ಟಳೆಯನ್ನು ತಪ್ಪು ಎನ್ನುವುದು ನನ್ನಿಂದಾಗದು. ಅದರಿಂದಲೇ ಬೆಳೆದವನು ನಾನು. ಅದು ಅವಳನ್ನು ಕೊಲ್ಲಬಹುದು ಎಂಬುದೂ ಅಷ್ಟೇ ನಿಜವಾಗಿತ್ತು.

ಬಾಯಾರ ಚಿಗವ್ವನ ಕಡೆ ನೋಡಿದರು. "ನಿಮಗೂ ಉರಿ ಐತೇನ್ರಿ? ಎಷ್ಟ ವರ್ಷದಿಂದ? ಇಬ್ರೂ ಕೂಡೇ ಉಣ್ತೀರೇನು?"

"ಒಂದ ತಾಟಿನ್ಯಾಗ," ಎಂದರು ಇಬ್ಬರೂ.

ಈ ಸೂಕ್ಷ್ಮಾಣು ಮನೆಯೊಳಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಬಹಳ ಮಟ್ಟಿಗೆ ಚಿಕ್ಕಂದಿನಲ್ಲೇ ಎಂದು ಅವರು ವಿವರಿಸಿದರು. ದೊಡ್ಡವ್ವನಿಗೆ ಬೇರೆಲ್ಲ ಬಿಟ್ಟು ಅದೊಂದೇ ಕೇಳಿಸಿತು. "ನನ್ನಿಂದ ಆಕಿಗಿ ಹೋತೋ, ಆಕಿಯಿಂದ ನಂಗ ಬಂತೋ?" ಬಾಯಾರ ತಲೆಯಾಡಿಸಿದರು. ಅದನ್ನು ಯಾರೂ ಹೇಳಲಾರರು; ನೀರಿನಿಂದ ಬಂದಿರಬಹುದು, ಕೈಯಿಂದ ಬಂದಿರಬಹುದು, ಇಬ್ಬರಿಗೂ ತವರಲ್ಲೇ ಬಂದಿರಬಹುದು. ಮೂಲ ಗೊತ್ತಿಲ್ಲದ ಸುದ್ದಿಯನ್ನು ನಾನು ಪುಟಕ್ಕೆ ಹಾಕುವುದಿಲ್ಲ. ದೊಡ್ಡವ್ವ ಮಾತ್ರ ಅವತ್ತೇ ಮನಸ್ಸಿನಲ್ಲಿ ಹಾಕಿಕೊಂಡುಬಿಟ್ಟಳು: ತನ್ನಿಂದಲೇ ಹೋಗಿದೆ ಎಂದು.

ಚಿಗವ್ವನನ್ನೂ ಪರೀಕ್ಷಿಸಿದರು. ಅವಳಲ್ಲೂ ಇತ್ತು. ಅದೇ ತಾಟಿನಲ್ಲಿ ನಾನೂ ಉಂಡಿದ್ದೇನೆ ಎಂದು ಹೇಳಿದ್ದರಿಂದ ನನ್ನದೂ ಆಯಿತು. ನನ್ನ ಫಲಿತಾಂಶ ನೋಡಿ ಬಾಯಾರ ನಕ್ಕರು. "ನಿಮ್ಮ ಹೊಟ್ಟ್ಯಾಗ ಏನೂ ಇಲ್ರಿ. ಬರೇ ಮಿರ್ಚಿ ಐತಿ." ಇಷ್ಟು ವರ್ಷ ಒಳಗೊಂದು ಘನವಾದ ರೋಗ ಸಾಕಿದ್ದೇನೆಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ದೊಡ್ಡವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರ ನೀ ನಮ್ಮ ತಾಟಿನ್ಯಾಗ ನೆಟ್ಟಗ ಉಂಡೇ ಇಲ್ಲ ಬಿಡು," ಎಂದಳು.

ಔಷಧ ಬದಲಾಯಿತು. ಹಳೆಯದು ಅರೆಬರೆ ಹೋಗಿದ್ದರಿಂದ ಬೇರೆ ಜೋಡಿ. ಈ ಸಲ ಇಬ್ಬರಿಗೂ ಬೇರೆ ಬೇರೆ ಪೊಟ್ಟಣ, ಇಬ್ಬರಿಗೂ ಪೂರ್ತಿ. ಬಾಯಾರ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು, "ಈಗ ಎದುರಾ ಎದುರು ಕುಂತು ನುಂಗ್ರಿ. ಒಬ್ರಿಗೊಬ್ರು ಕಾವಲು," ಎಂದರು. ದೊಡ್ಡವ್ವ ಎರಡು ಪೊಟ್ಟಣಗಳನ್ನೂ ಮುಟ್ಟಿ ನೋಡಿದಳು. ಆಮೇಲೆ ಸಂಚಿ ಬಿಚ್ಚಿ ಅಡಕೊತ್ತು ತೆಗೆದು ನನ್ನ ಮುಂದೆ ಹಿಡಿದಳು. "ಒಯ್ಯಿ. ಇದು ಮುಗಿಯೂ ಮಟ ನನ್ನ ಕೈಗಿ ಸಿಗಬಾರದು." ಮುಗಿಯುವವರೆಗೆ ತಾಟೂ ಬೇರೆ ಮಾಡಿರೆಂದು ಬಾಯಾರ ಹೇಳಿದರು.

ಆ ದಿನಗಳಲ್ಲಿ ಒಮ್ಮೆ ಅವರ ಊಟದ ಹೊತ್ತಿಗೆ ಹೋಗಿದ್ದೆ. ಎರಡು ತಾಟುಗಳು. ಇಡೀ ರೊಟ್ಟಿಯನ್ನು ಎಲ್ಲಿಂದ ಮುರಿಯಬೇಕೆಂದು ತಿಳಿಯದೆ ಚಿಗವ್ವ ಸುಮ್ಮನೆ ಕೂತಿದ್ದಳು. ಹಿಂಡಿಯನ್ನು ಇಬ್ಬರೂ ತಮ್ಮ ತಾಟಿನ ನಡುವೆ ಹಾಕಿಕೊಂಡಿರಲಿಲ್ಲ. ಇನ್ನೊಬ್ಬಳ ಕಡೆಯ ಅಂಚಿನಲ್ಲಿ ಹಾಕಿಕೊಂಡಿದ್ದರು. ದೊಡ್ಡವ್ವನ ಬಾಯಿ ಔಷಧದಿಂದ ಕಹಿ. "ತಾಮ್ರದ ಬಿಲ್ಲಿ ಚೀಪಿದಂಗ ಆಗೇತಿ," ಎಂದಳು. "ನಂಗೂ," ಎಂದಳು ಚಿಗವ್ವ. ಇಬ್ಬರ ಮುಖದಲ್ಲೂ ಒಂದು ಸಮಾಧಾನವಿತ್ತು.

ಔಷಧ ಮುಗಿದು, ಒಂದು ತಿಂಗಳು ಕಾದು, ಕೊನೆಯ ಎರಡು ವಾರ ಆಮ್ಲದ ಗುಳಿಗೆಯನ್ನೂ ನಿಲ್ಲಿಸಿ, ಆಮೇಲೆ ಪರೀಕ್ಷೆ. ಆ ಗುಳಿಗೆ ಇದ್ದರೆ ಸೂಕ್ಷ್ಮಾಣು ಅಡಗಿಕೊಂಡು ಪರೀಕ್ಷೆಗೆ ಸಿಗದೇ ಹೋಗಬಹುದಂತೆ. ಆ ಎರಡು ವಾರ ಉರಿಯನ್ನು ಬರಿಗೈಯಲ್ಲಿ ಎದುರಿಸಬೇಕಾಯಿತು. ಪರೀಕ್ಷೆಗೆ ಬೇಕಾದದ್ದು ಮಲದ ಮಾದರಿ, ಲ್ಯಾಬು ವಿಜಯಪುರದಲ್ಲಿ, ಒಯ್ಯಬೇಕಾದವನು ನಾನು. ಎರಡು ಸಣ್ಣ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು ಹೊರಟಾಗ ದೊಡ್ಡವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಇದನ್ನ ಹಿಡಕೊಂಡು ಬಸ್ಸಿನ್ಯಾಗ ಕುಂಡ್ರತಿ ಏನೋ ಯಪ್ಪಾ? ಪೇಪರಿನಾಂವ ನೀ!"

"ಪೇಪರಿನ್ಯಾಗ ಇದಕ್ಕಿಂತ ಹೊಲಸು ದಿನಾ ಹೊರತೇನಿ ಬೇ. ಇದು ಮುಚ್ಚಳರೆ ಹಾಕೇತಿ."

ಚಿಗವ್ವ ನಕ್ಕು ನಕ್ಕು ಗೋಡೆಗೆ ಒರಗಿದಳು. ಅವಳು ಅಷ್ಟು ನಕ್ಕದ್ದನ್ನು ಆಮೇಲೆ ಬಹಳ ದಿನ ನೋಡಲಿಲ್ಲ.

ದೊಡ್ಡವ್ವನ ಹೊಟ್ಟೆ ಸ್ವಚ್ಛವಾಗಿತ್ತು. ಚಿಗವ್ವನದು ಆಗಿರಲಿಲ್ಲ.

ಕಾರಣ ಕೇಳಿದೆ. ಹಲ್ಲುನೋವು, ಜ್ವರ ಅಂತ ಅಂಗಡಿಯಿಂದ ತಂದು ನುಂಗಿದ ಹಳೆಯ ಔಷಧಗಳಿಂದ ಇರಬಹುದು, ಮೊದಲ ಸಲದ ಅರ್ಧ ಹೋಳುಗಳಿಂದ ಇರಬಹುದು, ಯಾವ ಕಾರಣವೂ ಇಲ್ಲದೆಯೂ ಕೆಲವರಲ್ಲಿ ಹೀಗಾಗುತ್ತದೆ ಎಂದರು ಬಾಯಾರ. ದೊಡ್ಡವ್ವ ಎದುರಿಗೇ ಕೂತಿದ್ದಳು. ಅರ್ಧ ಹೋಳಿನ ಮಾತನ್ನು ಮಾತ್ರ ಅವಳು ತನ್ನ ಪಾಲಿಗೆ ಎತ್ತಿಕೊಂಡದ್ದು ಅವಳ ಕೈಬೆರಳುಗಳಿಂದ ನನಗೆ ಗೊತ್ತಾಯಿತು. ಖಾಲಿ ಸಂಚಿಯ ದಾರವನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು.

ಚಿಗವ್ವನಿಗೆ ಇನ್ನೊಂದು ಬಗೆಯ ಔಷಧ ಬರೆದರು. ಈ ಸಲ ನಾಲ್ಕು ಥರ, ದಿನಕ್ಕೆ ನಾಲ್ಕು ಹೊತ್ತು. "ಇದರಾಗ ಒಂದು ಗುಳಿಗಿ ತಗೊಂಡ್ರ ಹೊರಕಡಿಗಿ ಕರ್ರಗ ಹೋಗತೈತಿ. ಅದು ಔಷಧದ ಬಣ್ಣ, ಅಂಜಬ್ಯಾಡ್ರಿ. ತಲಿ ತಿರುಗಿದ್ರ, ಸುಸ್ತಾದ್ರ ಮಾತ್ರ ಕೂಡಲೇ ಬರ್ರಿ," ಎಂದರು.

ಕರ್ರಗೆ ಎಂಬ ಮಾತು ಕೇಳಿದ್ದೇ ದೊಡ್ಡವ್ವ ಚಿಗವ್ವನ ತೋಳು ಹಿಡಿದುಕೊಂಡಳು. "ನಂಗೂ ಬರದು ಕೊಡ್ರಿ ಬಾಯಾರ."

"ನಿಮಗ್ಯಾಕ್ರಿ ಅಜ್ಜಿ? ನಿಮ್ದು ಹೋಗೇತಲ್ಲ."

"ಆಕಿದು ಹೋಗಿಲ್ಲಲ್ರಿ."

"ರೋಗ ಇಲ್ದವ್ರಿಗಿ ಔಷಧ ಕೊಡಾಕ ಬರಂಗಿಲ್ಲ. ನಿಮಗ ಅದು ವಿಷ ಆದೀತು."

"ಯಕ್ಕಾ, ಸುಮ್ಮ ಕುಂಡ್ರ ಬೇ," ಎಂದಳು ಚಿಗವ್ವ. "ಈ ಸಲ ನಾ ಒಬ್ಬಾಕೇ ನುಂಗತೇನಿ. ನೀ ಎಷ್ಟ ಸಲ ನಂಗ ದೊಡ್ಡ ಹೋಳು ಹಾಕೀಯಲ್ಲ, ಅದಕ್ಕ ಮುಯ್ಯಿ ಅಂತ ತಿಳಕೋ."

ದೊಡ್ಡವ್ವ ತಲೆ ತಗ್ಗಿಸಿದಳು. ದೊಡ್ಡ ಹೋಳಿನ ಗುಟ್ಟು ಚಿಗವ್ವನಿಗೆ ಗೊತ್ತಿದೆ ಎಂದು ಅವಳಿಗೆ ತಿಳಿದದ್ದು ಆಗಲೇ ಇರಬೇಕು.

ಚಿಗವ್ವನ ಔಷಧ ಶುರುವಾದ ಮೇಲೆ ಒಂದು ಮುಂಜಾನೆ ತಿಕೋಟಾಕ್ಕೆ ಹೋದೆ. ಸತ್ಯ ಹೇಳಬೇಕೆಂದರೆ ಅವಳು ನುಂಗುತ್ತಿದ್ದಾಳೋ ಇಲ್ಲವೋ ಕಣ್ಣಾರೆ ನೋಡಬೇಕಿತ್ತು. ಫೋನಿನ ಉತ್ತರಗಳ ಮೇಲೆ ನನಗೆ ವಿಶ್ವಾಸ ಉಳಿದಿರಲಿಲ್ಲ. ಪಡಸಾಲೆಯಲ್ಲಿ ಇಬ್ಬರೂ ಎದುರುಬದುರು ಕೂತಿದ್ದರು. ನಡುವೆ ಎರಡು ಲೋಟ ನೀರು. ಚಿಗವ್ವನ ಅಂಗೈಯಲ್ಲಿ ಗುಳಿಗೆಗಳು. ದೊಡ್ಡವ್ವನ ಅಂಗೈಯೂ ಖಾಲಿ ಇರಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಒಣದ್ರಾಕ್ಷಿ. ಚಿಗವ್ವನ ಕೈಯಲ್ಲಿ ಎಷ್ಟು ಗುಳಿಗೆಯೋ ಇವಳ ಕೈಯಲ್ಲಿ ಅಷ್ಟೇ.

ಚಿಗವ್ವ ಒಂದು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು. ದೊಡ್ಡವ್ವ ಒಂದು ದ್ರಾಕ್ಷಿ ಬಾಯಿಗೆ ಹಾಕಿ ನೀರು ಕುಡಿದಳು. ಅಗಿಯಲಿಲ್ಲ. ಗುಳಿಗೆಯಂತೆಯೇ ಇಡಿಯಾಗಿ, ಕುತ್ತಿಗೆ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ ನುಂಗಿದಳು. ಮತ್ತೊಂದು ಗುಳಿಗೆ, ಮತ್ತೊಂದು ದ್ರಾಕ್ಷಿ. ಕೊನೆಯದು ಮುಗಿದಾಗ ಇಬ್ಬರೂ ಒಟ್ಟಿಗೆ ಲೋಟ ಕೆಳಗಿಟ್ಟರು.

"ಅಗದರೆ ತಿನ್ನು ಬೇ, ಸಿಹಿ ಸಿಗತೈತಿ," ಎಂದೆ.

"ಆಕಿಗಿ ಸಿಹಿ ಸಿಗತೈತೇನು?" ಎಂದಳು ದೊಡ್ಡವ್ವ.

ದಿನಕ್ಕೆ ನಾಲ್ಕು ಹೊತ್ತು, ಔಷಧ ಮುಗಿಯುವವರೆಗೆ ಅದು ಹೀಗೇ ನಡೆಯಿತಂತೆ. ದೊಡ್ಡವ್ವನ ಮಗ ನನಗೆ ಫೋನಿನಲ್ಲಿ ಹೇಳಿದ: "ಅಣ್ಣಾ, ಹೊಲಕ್ಕ ಹೋದ್ರೂ ಇಬ್ರೂ ಹೊತ್ತಿಗಿ ಸರಿಯಾಗಿ ಎದ್ದು ಬರ್ತಾರ. ಸಾಲಿ ಗಂಟಿ ಹೊಡದಂಗ."

ಮತ್ತೆ ಕಾಯುವಿಕೆ, ಮತ್ತೆ ಡಬ್ಬಿ, ಮತ್ತೆ ಬಸ್ಸು. ಈ ಸಲ ಒಂದೇ ಡಬ್ಬಿ. ಫಲಿತಾಂಶ ಕೈಗೆ ಬಂದಾಗ ಫೋನಿನಲ್ಲಿ ಹೇಳಬಹುದಿತ್ತು. ಕಚೇರಿಯಲ್ಲಿ ರಜೆ ಕೇಳಿ ತಿಕೋಟಾಕ್ಕೆ ಹೊರಟೆ. ಅಡಕೊತ್ತನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಶೆಡ್ಡಿನ ನೆರಳಿನಲ್ಲಿ ಇಬ್ಬರೂ ದ್ರಾಕ್ಷಿಯ ಕಡ್ಡಿ ಆರಿಸುತ್ತ ಕೂತಿದ್ದರು. ನಾನು ಬರುವುದನ್ನು ನೋಡಿಯೂ ಏಳಲಿಲ್ಲ. ದೊಡ್ಡವ್ವ ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ಹಿಡಿ ದ್ರಾಕ್ಷಿಯನ್ನೇ ನೋಡುತ್ತಿದ್ದಳು.

"ಹೋಗೇತಿ," ಎಂದೆ. "ಚಿಗವ್ವಂದೂ ಪೂರಾ ಹೋಗೇತಿ."

ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ದೊಡ್ಡವ್ವ ಕೈಯಲ್ಲಿದ್ದ ದ್ರಾಕ್ಷಿಯನ್ನು ರಾಶಿಗೆ ಸುರಿದು, ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಬಹಳ ದಿನದ ಕೆಲಸ ಮುಗಿಸಿದವರು ಉಸಿರು ಬಿಡುವಂತೆ ಬಿಟ್ಟಳು.

"ಹಂಗಾದ್ರ ಈಗ ನಂದೂ ಮುಗೀತು," ಎಂದಳು.

ಆ ಮಧ್ಯಾಹ್ನ ಊಟಕ್ಕೆ ಒಂದೇ ತಾಟು ಬಂತು. ಕೈ ತೊಳೆಯಲು ಮಾತ್ರ ಇಬ್ಬರೂ ಸಾಬೂನು ಹಚ್ಚಿ ಬಹಳ ಹೊತ್ತು ಉಜ್ಜಿಕೊಂಡರು, ಬಾಯಾರ ಕಲಿಸಿದ್ದು. ರೊಟ್ಟಿಯ ಆಚೆ ಅರ್ಧ, ಈಚೆ ಅರ್ಧ, ನಡುವೆ ಹಿಂಡಿ. ನನಗೂ ಅಂಚಿನಲ್ಲಿ ಜಾಗ ಕೊಟ್ಟರು. ಈ ವಯಸ್ಸಿಗೆ ನೆಲದ ಮೇಲೆ ಕೂರಲು ನನಗೇ ಕಷ್ಟವಾಯಿತು, ಅವರಿಗಲ್ಲ.

ಊಟವಾದ ಮೇಲೆ ಕರವಸ್ತ್ರ ಬಿಚ್ಚಿ ಅಡಕೊತ್ತನ್ನು ದೊಡ್ಡವ್ವನ ಮುಂದೆ ಇಟ್ಟೆ. ಅವಳು ಎತ್ತಿಕೊಂಡು ಒಮ್ಮೆ ತೆರೆದಳು, ಒಮ್ಮೆ ಮುಚ್ಚಿದಳು. ಅಲಗಿನ ಬುಡದ ಹಳದಿ ಪುಡಿ ಅವಳಿಗೆ ಕಂಡಿತು. ಹೆಬ್ಬೆರಳಿನಿಂದ ಒರೆಸಲು ನೋಡಿದಳು, ಹೋಗಲಿಲ್ಲ. ಎದುರಿಗೆ ಚಿಗವ್ವ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ದೊಡ್ಡವ್ವ ಅವಳನ್ನು ಸ್ವಲ್ಪ ಹೊತ್ತು ನೋಡಿ, ಅಡಕೊತ್ತನ್ನು ನನ್ನ ಕೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದಳು.

"ನಿನ್ನ ಹಂತೇಕನ ಇರಲಿ, ತಮ್ಮಾ," ಎಂದಳು. "ನಾಳಿ ಮತ್ತ ನಂಗ ಏನರೆ ಬರದು ಕೊಟ್ರ, ಆಕಿ ಹಿಂಗ ಎದುರಿಗಿ ಕುಂತಿದ್ರ, ಈ ಕೈ ಸುಮ್ಮ ಇರಂಗಿಲ್ಲ."